ಜರ್ಮನಿಯ ಗ್ರಿಲ್, ಧಾರವಾಡದ ಸಿಲಿಂಡರ್: ಒಂದು ಪ್ರಕರಣ ಅಧ್ಯಯನ

ಕಾಕಾ ಫೋನ್ ಮಾಡಿದಾಗ ರಾತ್ರಿ ಒಂಬತ್ತೂವರೆ. "ತಮ್ಮಾ, ನಾಳೆ ರವಿವಾರ ಬಿಡುವು ಐತೇನು? ಆ ಜರ್ಮನಿ ಒಲಿ ಬಿಸೀನ ಆಗವಲ್ದು. ಇಪ್ಪತ್ತು ನಿಮಿಷ ಇಟ್ರೂ ಗೋವಿನಜೋಳದ ತೆನಿ ಬೆಳ್ಳಗ ಕುಂತಾವು" ಅಂದರು. ಹಿಂದಿನಿಂದ ಕಾಕು ಹೇಳಿದ ಮಾತೂ ಕೇಳಿಸಿತು: "ಇದಕ್ಕಿಂತ ನನ್ನ ಹಂಚ ಬೇಸು."

ನಾನು ಹುಬ್ಬಳ್ಳಿಯಲ್ಲಿ ಹೋಟೆಲ್ ಅಡುಗೆಮನೆಗಳ ಒಲೆ, ಭಟ್ಟಿ, ಬರ್ನರ್ ರಿಪೇರಿ ಮಾಡುತ್ತಾ ಬಂದವನು. ಆದ್ದರಿಂದ ಮನೆತನದಲ್ಲಿ ಬೆಂಕಿಗೆ ಸಂಬಂಧಿಸಿದ್ದೆಲ್ಲ ನನ್ನ ತಲೆಗೇ ಬರುತ್ತದೆ. ಈ ಕೆಲಸ ಒಂದು ತಾಸಿನದು ಅಂದುಕೊಂಡು ಹೋದೆ. ಮುಗಿಯಲು ಎರಡು ತಿಂಗಳು ಹಿಡಿಯಿತು. ಅದರಲ್ಲಿ ಎರಡು ವಾರ ನನ್ನ ತಪ್ಪಿನಿಂದಲೇ ಹೋದದ್ದು. ಹೊರದೇಶದಿಂದ ವಾಪಸ್ ಬರುವವರು ಇಂಥ ಗ್ಯಾಸ್ ಗ್ರಿಲ್‌ಗಳನ್ನು, ಅಂದರೆ ಜಾಲರಿ ಮೇಲೆ ಸುಡುವ ಒಲೆಗಳನ್ನು, ಸಾಮಾನಿನ ಜೊತೆ ತರುತ್ತಾರೆ, ಆಮೇಲೆ ಇದೇ ತೊಂದರೆಗೆ ಸಿಕ್ಕಿಬೀಳುತ್ತಾರೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೇ ಬರೆದಿಟ್ಟಿದ್ದೇನೆ.

ಮಾಲು ಎಂಥದ್ದು

ಕಾಕಾನ ಮಗ ಸ್ಟುಟ್‌ಗಾರ್ಟ್‌ನಲ್ಲಿ ಒಂಬತ್ತು ವರ್ಷ ಇದ್ದು ಊರಿಗೆ ಬಂದ. ಸಾಮಾನೆಲ್ಲ ಹಡಗಿನಲ್ಲಿ ಮುಂಬೈಗೆ ಬಂದು, ಅಲ್ಲಿಂದ ಲಾರಿಯಲ್ಲಿ ಧಾರವಾಡಕ್ಕೆ ಬಂತು. ಅದರಲ್ಲಿ ಈ ಗ್ರಿಲ್ ಕೂಡ ಇತ್ತು. ಕಂಪನಿ ಹೆಸರು ಇಲ್ಲಿ ಬೇಡ, ಯಾಕೆಂದರೆ ತಪ್ಪು ಅವರದ್ದಲ್ಲ. ಮೂರು ಬರ್ನರ್, ಗಾಲಿ, ಕೆಳಗೆ ಒಂದು ಕಪಾಟು. ಕೆಳಗೇರಿ ಕಡೆಯ ಮನೆಯ ಟೆರೇಸ್‌ಗೆ ಅದನ್ನು ಏರಿಸಲು ನಾಲ್ಕು ಜನ ಬೇಕಾದರು.

ಭಾರ ಯಾಕೆ ಅಂದರೆ ಅದೇ ಅದರ ಗುಣ. ಅಗ್ಗದ ಗ್ರಿಲ್‌ನ ಮುಚ್ಚಳ ತೆಳು ತಗಡಿನದು. ಗಾಳಿ ಬೀಸಿದರೆ ಒಳಗಿನ ಕಾವು ಹಾರಿಹೋಗುತ್ತದೆ. ಇದರ ಮುಚ್ಚಳಕ್ಕೆ ಎರಡು ಪದರ. ಜಾಲರಿ ಬೀಡು ಕಬ್ಬಿಣದ್ದು, ಬೆರಳು ದಪ್ಪ. ಬರ್ನರ್‌ಗಳ ಮೇಲೆ ಹೆಂಚಿನ ಮನೆಯ ಛಾವಣಿಯ ಹಾಗೆ ಇಳಿಜಾರಿನ ಸ್ಟೀಲ್ ಪಟ್ಟಿಗಳಿವೆ. ಎಣ್ಣೆ, ರಸ ಸೋರಿದರೆ ಆ ಪಟ್ಟಿಗಳ ಮೇಲೆ ಬಿದ್ದು ಹೊಗೆಯಾಗಬೇಕು, ಬರ್ನರ್ ಮೇಲೆ ಬೀಳಬಾರದು. ಅಂಗಡಿಯಲ್ಲಿ ಸ್ಟೀಲ್ ನೋಡುವಾಗ ನಾನು ಜೇಬಿನಲ್ಲಿ ಒಂದು ಆಯಸ್ಕಾಂತ ಇಟ್ಟುಕೊಂಡಿರುತ್ತೇನೆ. 304 ನಂಬರಿನ ಸ್ಟೀಲ್‌ಗೆ ಅದು ಹತ್ತುವುದಿಲ್ಲ, 430ಕ್ಕೆ ಹತ್ತುತ್ತದೆ. 304ಕ್ಕೆ ತುಕ್ಕು ಬೇಗ ಹಿಡಿಯುವುದಿಲ್ಲ. ಇದರ ಬರ್ನರ್‌ಗೆ ಹಿಡಿದೆ, ಹತ್ತಲಿಲ್ಲ. ಒಳ್ಳೆಯ ಮಾಲೇ.

ಮನೆಯವರ ವಿಷಯವನ್ನೂ ಹೇಳಬೇಕು. ಪೂರ್ತಿ ಸಸ್ಯಾಹಾರಿ ಮನೆ. ಕಾಕಾ, ಕಾಕು, ಮಗ, ಸೊಸೆ, ಜೊತೆಗೆ ಎಂಬತ್ತು ದಾಟಿದ ಆಯಿ. ಆಯಿಯ ತವರು ಅಣ್ಣಿಗೇರಿ ಕಡೆಯ ಹಳ್ಳಿ. ಕಪ್ಪು ಮಣ್ಣಿನ ಹೊಲ, ಬಿಳಿಜೋಳ. ಬೆಂಕಿಯಲ್ಲಿ ಸುಡುವುದರ ಬಗ್ಗೆ ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವರು ಅವರೇ. ಅದು ನಮಗೆ ತಿಳಿದದ್ದು ಆಮೇಲೆ.

ಮೊದಲ ಉರಿ

ದೀಪಾವಳಿ ಮುಗಿದ ವಾರ ಗ್ರಿಲ್ ಹಚ್ಚಿದರು. ಅದಕ್ಕೂ ಮೊದಲೇ ಒಂದು ಪೇಚಾಟ ಆಗಿತ್ತು. ಜರ್ಮನಿಯ ರೆಗ್ಯುಲೇಟರ್ ಸಿಲಿಂಡರ್‌ಗೆ ಥ್ರೆಡ್ ಮೇಲೆ ತಿರುಗಿಸಿ ಕೂರಿಸುವಂಥದ್ದು. ನಮ್ಮ ಮನೆ ಸಿಲಿಂಡರ್‌ನ ವಾಲ್ವ್ ಒತ್ತಿ ಕೂರಿಸುವಂಥದ್ದು. ಒಂದಕ್ಕೊಂದು ಸಂಬಂಧವೇ ಇಲ್ಲ. ಒಲೆ ರಿಪೇರಿಯವನೊಬ್ಬನನ್ನು ಕರೆಸಿದರು. ಅವನು ಹಳೆಯ ಪೈಪ್ ಬಿಚ್ಚಲು ಪಾನಾ ಹಾಕಿ ಅರ್ಧ ತಾಸು ತಿಣುಕಿದ. ಗ್ಯಾಸ್ ಜೋಡಣೆಯ ಥ್ರೆಡ್ ಉಲ್ಟಾ ಇರುತ್ತದೆ, ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು. ಅವನು ಎಡಕ್ಕೆ ತಿರುಗಿಸುತ್ತಾ ಇನ್ನಷ್ಟು ಬಿಗಿ ಮಾಡುತ್ತಿದ್ದ. ಕೊನೆಗೆ ಹೇಗೋ ಬಿಚ್ಚಿ, ನಮ್ಮ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ಹಾಕಿ, ಮನೆಯ ಎರಡನೇ ಸಿಲಿಂಡರ್‌ಗೆ ಮಾಮೂಲಿ ರೆಗ್ಯುಲೇಟರ್ ಕೂರಿಸಿದ. ಕಪಾಟಿನೊಳಗೆ 14.2 ಕಿಲೋ ಸಿಲಿಂಡರ್ ಹಿಡಿಯಲಿಲ್ಲ. ಅದು ಅಲ್ಲಿನ 5 ಕಿಲೋ ಬಾಟಲಿಗೆ ಮಾಡಿದ ಜಾಗ. ಸಿಲಿಂಡರ್ ಪಕ್ಕದಲ್ಲೇ ನಿಂತಿತು. ಹಾಗೆ ನಿಂತದ್ದೇ ಒಳ್ಳೆಯದಾಯಿತು.

ಉರಿ ಹತ್ತಿತು. ನೀಲಿ ಬಣ್ಣ, ನೋಡಲು ಚೆಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ತೆನೆ, ಡೊಣ್ಣಮೆಣಸಿನಕಾಯಿ, ಉಳ್ಳಾಗಡ್ಡಿ, ಪನೀರ್ ಜಾಲರಿ ಮೇಲೆ ಹೋದವು. ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿದ ಮಸಾಲೆ ಹಚ್ಚಿದ್ದರು. ಬ್ಯಾಡಗಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ, ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಇಪ್ಪತ್ತು ನಿಮಿಷ ಕಳೆಯಿತು. ಮೆಣಸಿನಕಾಯಿ ನೀರು ಬಿಟ್ಟು ಮೆತ್ತಗಾಯಿತು. ಪನೀರ್ ಜಾಲರಿಗೆ ಅಂಟಿತು. ಕಪ್ಪು ಗೆರೆ ಎಲ್ಲೂ ಇಲ್ಲ. ಮುಚ್ಚಳದ ಮೇಲಿನ ಕಾವಿನ ಗಡಿಯಾರ 170 ಡಿಗ್ರಿಯಲ್ಲಿ ನಿಂತಿತ್ತು.

ಒಬ್ಬೊಬ್ಬರದು ಒಂದೊಂದು ಮಾತು. ಮಗನಿಗೆ ಇಲ್ಲಿನ ಗ್ಯಾಸ್ ಮೇಲೆ ಅನುಮಾನ. ಕಾಕಾಗೆ ರೆಗ್ಯುಲೇಟರ್ ಮೇಲೆ. ಪಕ್ಕದ ಮನೆಯವರು "ನಮ್ಮ ಹಾಂಗ ಪೈಪ್ ಗ್ಯಾಸಿಗೆ ಹಚ್ಚ್ರಿ" ಅಂದರು. ಹುಬ್ಬಳ್ಳಿ-ಧಾರವಾಡದ ಕೆಲವು ಬಡಾವಣೆಗಳಿಗೆ ಈಗ ಅದು ಬಂದಿದೆ. ಪುಣ್ಯಕ್ಕೆ ಆ ಮಾತನ್ನು ಯಾರೂ ಕೇಳಲಿಲ್ಲ. ಪೈಪಿನಲ್ಲಿ ಬರುವುದು ಮೀಥೇನ್, ಸಿಲಿಂಡರ್‌ನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಅಷ್ಟೇ ಜಾಗದ ಗ್ಯಾಸ್‌ಗೆ ಸಿಲಿಂಡರ್‌ನದರ ಕಾವು ಎರಡೂವರೆ ಮೂರು ಪಟ್ಟು. ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡಿಗೆ ಜೆಟ್ ಅನ್ನುತ್ತಾರೆ. ಸಿಲಿಂಡರ್‌ಗೆ ಮಾಡಿದ ಜೆಟ್‌ನಲ್ಲಿ ಪೈಪ್ ಗ್ಯಾಸ್ ಬಿಟ್ಟಿದ್ದರೆ ಉರಿ ಇನ್ನೂ ಸೊರಗುತ್ತಿತ್ತು.

ನಾನು ಕಳೆದ ಎರಡು ರವಿವಾರ

ಮೊದಲ ರವಿವಾರ ಹೋದವನೇ ಸಿಲಿಂಡರ್ ಮುಟ್ಟಿ ನೋಡಿದೆ. ತಣ್ಣಗಿತ್ತು, ಕೆಳಭಾಗದಲ್ಲಿ ಬೆವರು. ಎತ್ತಿದರೆ ಹಗುರ. "ಸಿಲಿಂಡರ್ ಮುಗಿಲಿಕ್ಕೆ ಬಂದೈತಿ, ಅದಕ್ಕ" ಅಂದುಬಿಟ್ಟೆ. ಇದು ಅರ್ಧ ಸತ್ಯ. ಸಿಲಿಂಡರ್ ಒಳಗಿನ ಗ್ಯಾಸ್ ನೀರಿನ ಹಾಗೆ ಇರುತ್ತದೆ. ಅದು ಆವಿಯಾಗಲು ಕಾವು ಬೇಕು. ಆ ಕಾವನ್ನು ಸಿಲಿಂಡರ್‌ನ ಮೈಯಿಂದಲೇ ಎಳೆದುಕೊಳ್ಳುತ್ತದೆ. ಗ್ಯಾಸ್ ಕಡಿಮೆ ಇದ್ದಷ್ಟೂ ಮೈ ಬೇಗ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ. ಮನೆಯ ಒಲೆಗೆ ಇದು ಗೊತ್ತೇ ಆಗುವುದಿಲ್ಲ, ಅದು ಎಳೆಯುವುದು ಸ್ವಲ್ಪ. ಗ್ರಿಲ್ ಎಳೆಯುವುದು ಹೋಟೆಲ್ ಲೆಕ್ಕ. ಕೆಲವು ಹೋಟೆಲ್‌ಗಳಲ್ಲಿ ಸಿಲಿಂಡರ್ ಕೆಳಗೆ ಬಿಸಿನೀರಿನ ಬುಟ್ಟಿ ಇಡುವುದನ್ನು ನೋಡಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ.

ತುಂಬಿದ ಸಿಲಿಂಡರ್ ಹಾಕಿದೆವು. 170 ಇದ್ದದ್ದು 190 ಆಯಿತು. ಅಷ್ಟೇ.

ಎರಡನೇ ರವಿವಾರ ರೆಗ್ಯುಲೇಟರ್ ಬದಲಿಸಿದೆ, ಜೆಟ್ ಬಿಚ್ಚಿ ಊದಿ ನೋಡಿದೆ. ಸ್ವಚ್ಛ ಇದ್ದವು. ಮತ್ತೆ ಅದೇ 190. ಉರಿ ನೀಲಿ ಇತ್ತು, ಹಾರುತ್ತಿರಲಿಲ್ಲ, ಹಳದಿ ತುದಿ ಇರಲಿಲ್ಲ. ಉರಿ ಚೆಂದ ಇದ್ದರೆ ಒಲೆ ಸರಿ ಇದೆ ಅನ್ನುವುದು ನಮ್ಮ ಕಸುಬಿನವರ ಅಭ್ಯಾಸ. ನಾನೂ ಅಲ್ಲೇ ಎಡವಿದೆ. ಚೆಂದದ ಉರಿ ಸಣ್ಣ ಉರಿಯೂ ಆಗಿರಬಹುದು ಅಲ್ವಾ? ಅದು ಹೊಳೆಯಲೇ ಇಲ್ಲ.

ಮೂರನೇ ವಾರ ನನಗೆ ಬಿಡುವಿರಲಿಲ್ಲ. ಕಾಕಾಗೆ ತಾಳ್ಮೆ ಇರಲಿಲ್ಲ. ಅದೇ ರಿಪೇರಿಯವನನ್ನು ಮತ್ತೆ ಕರೆಸಿದರು. ಅವನು ಎರಡು ದಾರಿ ಹೇಳಿದ. ಒಂದು, ಭಟ್ಟಿಗೆ ಹಾಕುವ ಹೈ ಪ್ರೆಶರ್ ರೆಗ್ಯುಲೇಟರ್ ಹಾಕುವುದು. ಇನ್ನೊಂದು, ಜೆಟ್‌ನ ತೂತು ದೊಡ್ಡದು ಮಾಡುವುದು. ಮೊದಲನೆಯದಕ್ಕೆ ಕಾಕಾ ಒಪ್ಪಲಿಲ್ಲ, ಪುಣ್ಯ. ಆ ರೆಗ್ಯುಲೇಟರ್ ಬಿಡುವ ಒತ್ತಡಕ್ಕೆ ಗ್ರಿಲ್‌ನ ವಾಲ್ವ್‌ಗಳನ್ನು ಮಾಡಿರುವುದೇ ಇಲ್ಲ, ಎಲ್ಲಿಂದ ಬೇಕಾದರೂ ಸೋರಬಹುದಿತ್ತು. ಎರಡನೆಯದನ್ನು ಅವನು ಮಾಡಿಯೇ ಬಿಟ್ಟ. ನಾನು ಸಂಜೆ ತಲುಪುವಷ್ಟರಲ್ಲಿ ಒಂದು ಜೆಟ್‌ಗೆ ಕೈ ಡ್ರಿಲ್ ಹಾಕಿ ಆಗಿತ್ತು. ಆ ಬರ್ನರ್ ಹಳದಿ ನಾಲಿಗೆ ಚಾಚಿ ಉರಿಯುತ್ತಿತ್ತು. ಮೇಲೆ ಇಟ್ಟಿದ್ದ ಬದನೆಕಾಯಿಯ ಹೊಟ್ಟೆಗೆ ಕಾಡಿಗೆ ಹತ್ತಿತ್ತು. ಒಳಗಿನ ತಿರುಳು ಹಸಿ.

ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಅವನು ಕಾರಣ ತಪ್ಪು ತಿಳಿದಿರಲಿಲ್ಲ. ಗ್ಯಾಸ್ ಸಾಕಾಗುತ್ತಿಲ್ಲ ಅನ್ನುವುದು ಅವನಿಗೆ ಹೊಳೆದಿತ್ತು, ಎರಡು ವಾರ ತಿರುಗಿದ ನನಗೆ ಹೊಳೆದಿರಲಿಲ್ಲ. ಎಷ್ಟು ಸಾಕಾಗುತ್ತಿಲ್ಲ ಅನ್ನುವ ಲೆಕ್ಕ ಮಾತ್ರ ಅವನ ಬಳಿ ಇರಲಿಲ್ಲ.

ಕಪಾಟಿನೊಳಗಿನ ಚೀಟಿ

ಲೆಕ್ಕ ಇದ್ದದ್ದು ಕಪಾಟಿನ ಬಾಗಿಲ ಹಿಂದೆ. ಬೆಳ್ಳಿ ಬಣ್ಣದ ಒಂದು ಚೀಟಿ, ಜರ್ಮನ್‌ನಲ್ಲಿ. ಟಾರ್ಚ್ ಹಿಡಿದು ಮಗನಿಂದ ಓದಿಸಿದೆ. ಮೂರು ಬರ್ನರ್ ಸೇರಿ 12 ಕಿಲೋವ್ಯಾಟ್. ತಾಸಿಗೆ 873 ಗ್ರಾಂ ಗ್ಯಾಸ್. ಅದರ ಕೆಳಗೆ ಐ3ಬಿ/ಪಿ(50) ಅನ್ನುವ ಗ್ಯಾಸ್ ಬಗೆಯ ಗುರುತು, ಪಕ್ಕದಲ್ಲಿ ಅದಕ್ಕೆ ಬೇಕಾದ ಒತ್ತಡ, 50 ಮಿಲಿಬಾರ್. ಅಲ್ಲೇ ಕೂತುಬಿಟ್ಟೆ.

ನಮ್ಮ ಮನೆಯ ರೆಗ್ಯುಲೇಟರ್ ಬಿಡುವುದು ಸುಮಾರು 30 ಮಿಲಿಬಾರ್. ಯುರೋಪಿನ ಹಲವು ದೇಶಗಳಲ್ಲೂ 30ರ ಆಸುಪಾಸೇ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ನಂಥ ಕೆಲವು ಕಡೆ 50. ಕಾಕಾನ ಮಗ ಪಕ್ಕದ ನೆದರ್‌ಲೆಂಡ್ಸ್‌ನಲ್ಲಿ ಇದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಒತ್ತಡ 50ರಿಂದ 30ಕ್ಕೆ ಇಳಿದರೆ ಗ್ಯಾಸ್ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ತೂತಿನಿಂದ ಹೊರಡುವ ಗ್ಯಾಸ್ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. 30ನ್ನು 50ರಿಂದ ಭಾಗಿಸಿದರೆ 0.6, ಅದರ ವರ್ಗಮೂಲ 0.775. ಅಂದರೆ 12 ಕಿಲೋವ್ಯಾಟ್‌ನ ಗ್ರಿಲ್ ನಮ್ಮಲ್ಲಿ 9.3 ಕಿಲೋವ್ಯಾಟ್‌ನದ್ದಾಯಿತು. ನೂರಕ್ಕೆ 22 ಪಾಲು ಕಾವು ಹಡಗು ಇಳಿಯುವಾಗಲೇ ಹೋಗಿತ್ತು. ಉರಿ ನೀಲಿಯಾಗೇ ಇತ್ತು, ಯಾಕೆಂದರೆ ಗ್ಯಾಸ್ ಕಡಿಮೆಯಾದಾಗ ಅದು ಎಳೆದುಕೊಳ್ಳುವ ಗಾಳಿಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗುತ್ತದೆ.

ಅದೇ ಕಾವು ಬೇಕಾದರೆ ತೂತಿನ ಅಗಲ ಎಷ್ಟು ಹೆಚ್ಚಬೇಕು? ಇಲ್ಲಿ 50ನ್ನು 30ರಿಂದ ಭಾಗಿಸಿದ್ದರ ವರ್ಗಮೂಲದ ವರ್ಗಮೂಲ ಬರುತ್ತದೆ, 1.136 ಪಟ್ಟು. ಜೆಟ್ ಮೇಲೆ 88 ಅಂತ ಕೊರೆದಿತ್ತು, 0.88 ಮಿಲಿಮೀಟರ್ ಅಂತ ಅರ್ಥ. ಅದು 1.00 ಆಗಬೇಕು. ವ್ಯತ್ಯಾಸ 0.12 ಮಿಲಿಮೀಟರ್, ಒಂದು ಕೂದಲೆಳೆಗಿಂತ ಸ್ವಲ್ಪ ಜಾಸ್ತಿ. ರಿಪೇರಿಯವನ ಡ್ರಿಲ್ 1.2ರದ್ದು. ಅವನು ಗ್ಯಾಸನ್ನು ಸುಮಾರು ಒಂದೂವರೆ ಪಟ್ಟು ಬಿಟ್ಟಿದ್ದ. ಕಾಡಿಗೆ ಬಾರದೆ ಏನು ಮಾಡೀತು?

ನಾನೇ ಕೊರೆಯಬಹುದಿತ್ತು. ಬೇಡ ಅಂದೆ. ಜೆಟ್‌ನ ತೂತು ಬರೀ ತೂತಲ್ಲ, ಅದರ ಅಂಚು ನಯವಾಗಿರಬೇಕು, ನೇರವಾಗಿರಬೇಕು. ಇಲ್ಲದಿದ್ದರೆ ಗ್ಯಾಸ್ ಸೊಟ್ಟ ಹೊಡೆಯುತ್ತದೆ. ಇದೇ ಮಾದರಿಯ ಗ್ರಿಲ್ಲನ್ನು 30 ಮಿಲಿಬಾರ್ ದೇಶಗಳಿಗೂ ಅದೇ ಕಂಪನಿ ಮಾಡುತ್ತದೆ ಅಂತ ಮಗ ಹುಡುಕಿ ಹೇಳಿದ. ಅಲ್ಲಿನ ಜೆಟ್‌ಗಳನ್ನು ಅವನ ಹಳೆಯ ಸಹೋದ್ಯೋಗಿಯೊಬ್ಬ ರಜೆಗೆ ಬರುವಾಗ ಜೇಬಿನಲ್ಲಿ ತಂದ. ಮೂರು ಹಿತ್ತಾಳೆಯ ಜೆಟ್, ಅಡಕೆಗಿಂತ ಸಣ್ಣವು. ಹೀಗೆ ಬದಲಿಸಿದರೆ ಕಂಪನಿಯ ಗ್ಯಾರಂಟಿ ಉಳಿಯುವುದು ಅನುಮಾನ. ಸಮುದ್ರ ದಾಟಿ ಬಂದ ಮಾಲಿಗೆ ಅದು ಮೊದಲೂ ಉಪಯೋಗಕ್ಕಿರಲಿಲ್ಲ ಬಿಡಿ. ಗ್ಯಾಸ್ ಕೆಲಸ ಗೊತ್ತಿಲ್ಲದವರು ಮಾತ್ರ ಇದಕ್ಕೆ ಕೈಹಾಕಬಾರದು.

ಜೆಟ್ ಕೂರಿಸಿ, ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ಅಂತ ನೋಡಿದೆವು. ಒಂದು ಕಡೆ ಎದ್ದಿತು, ರಿಪೇರಿಯವನು ಹಾಕಿದ್ದ ಕ್ಲಿಪ್ ಸಡಿಲ ಇತ್ತು. ಅಂದರೆ ಇಷ್ಟು ದಿನ ಅಲ್ಲಿ ಸೋರುತ್ತಿತ್ತು.

ಟೆರೇಸ್ ಬಯಲು, ಸೋರಿದರೇನು ಅಂತ ಕಾಕಾ ಕೇಳಿದರು. ಬಯಲಿಗೆ ಬಯಲೇ, ಆದರೆ ಸುತ್ತ ಮೂರಡಿ ಪ್ಯಾರಾಪೆಟ್ ಗೋಡೆ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಒಂದೂವರೆ ಎರಡು ಪಟ್ಟು ಭಾರ. ಗಾಳಿ ಇಲ್ಲದ ದಿನ ಅದು ನೀರಿನ ಹಾಗೆ ನೆಲಕ್ಕೆ ಹರಡುತ್ತದೆ, ತಗ್ಗು ಹುಡುಕುತ್ತದೆ. ಕಾಕಾ ಗ್ರಿಲ್ ನಿಲ್ಲಿಸಿದ್ದು ಮೆಟ್ಟಿಲಿನ ಬಾಗಿಲಿಗೆ ನಾಲ್ಕಡಿ ದೂರದಲ್ಲಿ. ಗ್ಯಾಸ್ ಮೆಟ್ಟಿಲಿಳಿದು ದೇವರಮನೆಯ ದೀಪದವರೆಗೆ ಹೋಗಬಹುದಿತ್ತು. ಗ್ರಿಲ್ಲನ್ನು ಆ ತುದಿಗೆ, ಮಳೆನೀರು ಹೋಗುವ ಕಿಂಡಿಯ ಕಡೆಗೆ ತಳ್ಳಿಸಿದೆ. ಗ್ಯಾಸ್ ಸೋರಿಕೆಗೆ ಕರೆ ಮಾಡುವ 1906 ನಂಬರನ್ನು ಬಾಗಿಲಿಗೆ ಬರೆಸಿದೆ. ಕಪಾಟಿನೊಳಗೆ ಸಿಲಿಂಡರ್ ಹಿಡಿಯದೇ ಇದ್ದದ್ದು ಒಳ್ಳೆಯದು ಅಂದಿದ್ದು ಇದಕ್ಕೇ. ಕಣ್ಣೆದುರೇ ಇರುತ್ತದೆ, ಸೋರಿದರೆ ಗೊತ್ತಾಗುತ್ತದೆ, ತಕ್ಷಣ ಬಂದ್ ಮಾಡಬಹುದು.

ಮುಚ್ಚಳ

ಈಗ ಹೇಳಬೇಕಾದ ನಾಚಿಕೆಯ ಮಾತು. ಹೊಸ ಜೆಟ್ ಹಾಕಿ, ತುಂಬಿದ ಸಿಲಿಂಡರ್ ಇಟ್ಟು, ಎಲ್ಲ ಸರಿ ಮಾಡಿದ ಮೇಲೂ ಗಡಿಯಾರ 210 ದಾಟಲಿಲ್ಲ.

ಅರ್ಧ ತಾಸು ದೂರ ಕೂತು ಸುಮ್ಮನೆ ನೋಡಿದೆ. ಕಾಕಾ ಎರಡು ನಿಮಿಷಕ್ಕೊಮ್ಮೆ ಮುಚ್ಚಳ ಎತ್ತುತ್ತಿದ್ದರು. ಕಾಕು ಬಂದು ಎತ್ತಿದರು. ಸೊಸೆ ಫೋಟೊ ತೆಗೆಯಲು ಎತ್ತಿದಳು. ನಮ್ಮ ಕೈ ಪಳಗಿರುವುದು ಹಂಚಿನ ಮೇಲೆ, ಅಲ್ಲಿ ರೊಟ್ಟಿಯಿಂದ ಕಣ್ಣು ತೆಗೆದರೆ ಕೆಟ್ಟಿತು. ಗ್ರಿಲ್ ಹಾಗಲ್ಲ. ಮುಚ್ಚಳ ಹಾಕಿದರೆ ಅದು ಬೇಕರಿಯ ಭಟ್ಟಿ, ತೆಗೆದರೆ ಬರೀ ಒಲೆ. ಪ್ರತಿ ಸಲ ಎತ್ತಿದಾಗಲೂ ಒಳಗಿನ ಬಿಸಿಗಾಳಿಯೆಲ್ಲ ಕೆಳಗೇರಿ ಕೆರೆಯ ಕಡೆಗೆ ಹೋಗುತ್ತಿತ್ತು.

ಮುಚ್ಚಳದ ಈ ಮಹಿಮೆ ಹಳೆಯದು. 1952ರಲ್ಲಿ ಅಮೆರಿಕದ ಶಿಕಾಗೋ ಹತ್ತಿರ ವೆಬರ್ ಅನ್ನುವ ಲೋಹದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಸ್ಟೀಫನ್ ಅನ್ನುವವರು ತೆರೆದ ಇದ್ದಿಲಿನ ಒಲೆಯಿಂದ ಬೇಸತ್ತಿದ್ದರು. ನೀರಿನ ಮೇಲೆ ತೇಲಿಬಿಡುವ ಗುಂಡನೆಯ ಬೋಯ್‌ಗಳನ್ನು ಅಲ್ಲಿ ಮಾಡುತ್ತಿದ್ದರು. ಅದನ್ನೇ ಎರಡು ಹೋಳು ಮಾಡಿ, ಕೆಳಗಿನದರಲ್ಲಿ ಬೆಂಕಿ, ಮೇಲಿನದು ಮುಚ್ಚಳ ಮಾಡಿದರು. ಕಾಕಾನ ಗ್ರಿಲ್ ಆ ಕಂಪನಿಯದ್ದಲ್ಲ, ಇದ್ದಿಲಿನದೂ ಅಲ್ಲ, ಆದರೆ ಮುಚ್ಚಳದ ಕೆಲಸ ಎರಡರಲ್ಲೂ ಒಂದೇ.

ಕಾಕುಗೆ ಮುಚ್ಚಳ ಕಾಯುವ ಕೆಲಸ ಕೊಟ್ಟೆವು. ಯಾರಾದರೂ ಕೈ ಹಾಕಿದರೆ ಸೌಟು ಬೀಳುತ್ತದೆ ಅಂದರು. ಹದಿನೈದು ನಿಮಿಷದಲ್ಲಿ ಗಡಿಯಾರ 270 ತೋರಿಸಿತು. ಆಗ ಇಟ್ಟ ತೆನೆಯ ಮೇಲೆ ಕಪ್ಪು ಗೆರೆ ಬಿದ್ದವು, ಕಾಳು ಸಿಡಿದವು. ಪನೀರ್ ಅಂಟಲಿಲ್ಲ. ಜಾಲರಿ ಕಾದಿದ್ದರೆ ಅಂಟುವುದಿಲ್ಲ, ಕಾಯದಿದ್ದರೆ ಎಷ್ಟು ಎಣ್ಣೆ ಸುರಿದರೂ ಅಂಟುತ್ತದೆ. ಅದಂತೂ ಕಾಕುಗೆ ಹೇಳಬೇಕಾಗಿರಲಿಲ್ಲ. ಬೀಡಿನ ಜಾಲರಿಗೆ ಅವರು ಅಗಸಿ ಎಣ್ಣೆ ಸವರಿ, ಕಾಯಿಸಿ, ಒರೆಸಿ, ಮತ್ತೆ ಸವರಿ, ಹೊಸ ಹಂಚು ಪಳಗಿಸಿದ ಹಾಗೆ ಪಳಗಿಸಿದ್ದರು. ತೊಳೆಯಲು ತಂತಿ ಬ್ರಷ್ ಬೇಡ ಅಂದೆ, ಅದರ ಎಳೆ ಮುರಿದು ಊಟದಲ್ಲಿ ಸೇರುತ್ತದೆ. ಅರ್ಧ ಉಳ್ಳಾಗಡ್ಡಿಯನ್ನು ಮುಳ್ಳುಚಮಚಕ್ಕೆ ಚುಚ್ಚಿ ಬಿಸಿ ಜಾಲರಿಗೆ ತಿಕ್ಕಿದರೆ ಸಾಕು.

ಭೋಗಿ, ಸೀತನಿ, ಮತ್ತು ಆಯಿಯ ತೀರ್ಪು

ಸಂಕ್ರಾಂತಿಯ ಹಿಂದಿನ ದಿನ, ಭೋಗಿಗೆ, ಎಲ್ಲರೂ ಸೇರಿದೆವು. ಸಜ್ಜಿ ರೊಟ್ಟಿ, ಭರ್ತ, ಶೇಂಗಾ ಹಿಂಡಿ. ಭರ್ತದ ಬದನೆಕಾಯಿ ಗ್ರಿಲ್‌ನಲ್ಲಿ ಬೆಂದವು. ಒಂದು ಬರ್ನರ್ ಜೋರು, ಇನ್ನೆರಡು ಬಂದ್. ಕಾಯಿ ಮೊದಲು ಉರಿಯ ಮೇಲೆ ಸಿಪ್ಪೆ ಸುಡುವವರೆಗೆ, ಆಮೇಲೆ ಉರಿ ಇಲ್ಲದ ಕಡೆ ಮುಚ್ಚಳ ಹಾಕಿ ಹತ್ತು ನಿಮಿಷ. ಒಳಗೆ ಬೆಣ್ಣೆಯಾಗಿದ್ದವು. ಗ್ಯಾಸ್ ಒಲೆಯಲ್ಲಿ ಒಂದೊಂದೇ ಸುಡುತ್ತಿದ್ದ ಕಾಕು ಒಂದೇ ಸಲಕ್ಕೆ ಹನ್ನೆರಡು ಸುಟ್ಟರು. ನನ್ನ ಲೆಕ್ಕದಲ್ಲಿ ಗ್ರಿಲ್ ತನ್ನ ಬೆಲೆಯನ್ನು ಆ ದಿನ ವಾಪಸ್ ಕೊಟ್ಟಿತು.

ರೊಟ್ಟಿಯನ್ನೂ ನೋಡಿದೆವು. ಜಾಲರಿ ಮೇಲೆ ನೇರ ಹಾಕಿದ್ದು ಒಡೆಯಿತು. ಹಂಚಿನ ಮೇಲೆ ಬೇಯಿಸಿ, ಕೊನೆಗೆ ಒಂದು ಕ್ಷಣ ಜಾಲರಿಗೆ ಇಟ್ಟದ್ದು ಚೆಂಡಿನ ಹಾಗೆ ಉಬ್ಬಿತು.

ಅಣ್ಣಿಗೇರಿಯಿಂದ ಯಾರೋ ಹಾಲುಗಾಳಿನ ಜೋಳದ ತೆನೆ ತಂದಿದ್ದರು. ಸೀತನಿಯ ಕಾಲ ಅದು. ಹೊಲದಲ್ಲಿ ಗುಂಡಿ ತೋಡಿ, ಕುಳ್ಳಿನ (ಬೆರಣಿಯ) ಕೆಂಡ ಮಾಡಿ, ತೆನೆ ಹುಗಿದು, ಬಡಿದು, ಕೇರಿ, ಬಿಸಿ ಇರುವಾಗಲೇ ಬೆಲ್ಲ ಕೊಬ್ಬರಿ ಜೊತೆ ತಿನ್ನುವುದು. ನಾವು ಗ್ರಿಲ್‌ನಲ್ಲಿ ಸುಟ್ಟೆವು. ಹಸಿರು ಕಾಳು ಹದವಾಗಿ ಬೆಂದವು, ಒಂದೂ ಸೀಯಲಿಲ್ಲ. ಆಯಿಗೆ ಬೊಗಸೆ ತುಂಬ ಕೊಟ್ಟೆವು. ಅಗಿದು ನೋಡಿದರು. "ಕಾಳ ಬೆಂದಾವು. ಹೊಲ ಬಂದಿಲ್ಲ" ಅಂದರು.

ಮಗನಿಗೆ ಬೇಜಾರಾಯಿತು. ನನಗೆ ಅದು ಸರಿಯಾದ ತಾಂತ್ರಿಕ ಮಾತು ಅನ್ನಿಸಿತು. ಗ್ಯಾಸ್ ಉರಿದರೆ ಬರುವುದು ಕಾವು, ನೀರಾವಿ, ಇಂಗಾಲದ ಡೈಆಕ್ಸೈಡ್. ಅದಕ್ಕೆ ತನ್ನದೇ ವಾಸನೆ ಇಲ್ಲ. ಮಾಂಸ ಸುಡುವವರಿಗೆ ಕೊಬ್ಬು ಸೋರಿ, ಆ ಇಳಿಜಾರಿನ ಪಟ್ಟಿಗಳ ಮೇಲೆ ಬಿದ್ದು ಹೊಗೆ ಬರುತ್ತದೆ. ಗ್ರಿಲ್ಲಿನ ರುಚಿ ಅಂದರೆ ಬಹುಪಾಲು ಆ ಹೊಗೆಯೇ. ಬದನೆಕಾಯಿ ಏನು ಸೋರೀತು? ಸಸ್ಯಾಹಾರಿ ಮನೆಗೆ ಗ್ಯಾಸ್ ಗ್ರಿಲ್ ತಂದರೆ ಕಾವು ಸಿಗುತ್ತದೆ, ಹೊಗೆಯನ್ನು ಬೇರೆಯಾಗಿ ತರಬೇಕು. ಮಾರುವವರು ಇದನ್ನು ಹೇಳುವುದಿಲ್ಲ.

ಆಯಿಯೇ ದಾರಿ ಹೇಳಿದರು, ಗೋವಿನಜೋಳದ ಒಣ ದಿಂಡು. ಹಳೆಯ ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ತೂತು ಹೊಡೆದು, ಒಳಗೆ ದಿಂಡಿನ ಚೂರು ತುಂಬಿ, ಒಂದು ಬರ್ನರಿನ ಪಟ್ಟಿಯ ಮೇಲೆ ಇಟ್ಟೆವು. ಹತ್ತು ನಿಮಿಷದಲ್ಲಿ ಸಿಹಿ ವಾಸನೆಯ ಹೊಗೆ ಬಂತು. ಜಾಲಿ ಕಟ್ಟಿಗೆಯ ಚೂರೂ ನಡೆಯುತ್ತದೆ. ಬಣ್ಣ ಬಳಿದ ಕಟ್ಟಿಗೆ, ಪ್ಲೈವುಡ್ ಮಾತ್ರ ಖಂಡಿತ ಬೇಡ. ಆಯಿ ಕುಳ್ಳನ್ನೂ ಹಾಕಿ ನೋಡಿ ಅಂದರು. ಮಗ ಒಪ್ಪಲಿಲ್ಲ. ಆ ಜಗಳ ಇನ್ನೂ ನಡೆದಿದೆ.

ಗ್ಯಾಸ್ ಎಷ್ಟು ಹೋಯಿತು ಅಂತ ಕಾಕಾ ಸಿಲಿಂಡರ್ ತೂಗಿ ಲೆಕ್ಕ ಇಟ್ಟರು. ಕಾಯುವವರೆಗೆ ಪೂರ್ತಿ, ಆಮೇಲೆ ಅರ್ಧ ಉರಿ ಇಟ್ಟರೆ ತಾಸಿಗೆ ಅರ್ಧ ಕಿಲೋದಿಂದ 600 ಗ್ರಾಂ. 14.2 ಕಿಲೋ ಸಿಲಿಂಡರ್ ಸುಮಾರು 25 ತಾಸು. ದಿನದ ಅಡುಗೆಗೆ ಅಲ್ಲ, ಹಬ್ಬಕ್ಕೆ ಸರಿ.

ಮಳೆಗಾಲದ ಮೊದಲು, ಮಳೆಗಾಲದ ನಂತರ

ಮೇ ಕೊನೆಗೆ ಮತ್ತೆ ಫೋನ್. ನಾಬ್‌ಗಳು ಮುಟ್ಟಲಾಗದಷ್ಟು ಬಿಸಿ. ಹೋಗಿ ನೋಡಿದರೆ ಗ್ರಿಲ್‌ನದೇನೂ ತಪ್ಪಿಲ್ಲ, ಗಾಳಿ ದಿಕ್ಕು ಬದಲಾಗಿತ್ತು. ಚಳಿಗಾಲದಲ್ಲಿ ಮೂಡಣ ಗಾಳಿ ಗ್ರಿಲ್‌ನ ಮುಖಕ್ಕೆ ಹೊಡೆಯುತ್ತಿತ್ತು. ಈಗ ಪಡುವಣ ಗಾಳಿ ಬೆನ್ನಿನ ಕಿಂಡಿಯಿಂದ ನುಗ್ಗಿ, ಬಿಸಿಯನ್ನೆಲ್ಲ ಮುಂದೆ ನಾಬ್‌ಗಳ ಕಡೆಗೆ ತಳ್ಳುತ್ತಿತ್ತು. ಗಾಲಿ ಇದ್ದದ್ದು ಕೆಲಸಕ್ಕೆ ಬಂತು, ಅರ್ಧ ಸುತ್ತು ತಿರುಗಿಸಿದೆವು. ಅದೇ ದಿನ ಕೆಳಗಿನ ಎಣ್ಣೆ ಟ್ರೇಗೆ ಬೆಂಕಿ ಹತ್ತಿತು. ಆರು ತಿಂಗಳಲ್ಲಿ ಅದನ್ನು ಯಾರೂ ತೊಳೆದಿರಲಿಲ್ಲ. ಸೊಸೆ ನೀರಿನ ಕೊಡ ಎತ್ತಿದ್ದಳು, ತಡೆದೆ. ಉರಿಯುವ ಎಣ್ಣೆಗೆ ನೀರು ಬಿದ್ದರೆ ಬೆಂಕಿ ಸಿಡಿಯುತ್ತದೆ. ಸಿಲಿಂಡರ್ ಬಂದ್ ಮಾಡಿ, ಮುಚ್ಚಳ ಹಾಕಿ, ದೂರ ನಿಂತೆವು. ತಾನೇ ಆರಿತು.

ಜೂನ್‌ನಲ್ಲಿ ಹೊದಿಕೆ ಹಾಕಿ ಕಟ್ಟಿದ್ದನ್ನು ಅಕ್ಟೋಬರಿನಲ್ಲಿ ಬಿಚ್ಚಿದರು. ನಡುವಿನ ಬರ್ನರ್ ಅರ್ಧ ಮಾತ್ರ ಹತ್ತಿತು, ಹಳದಿ ಉರಿ. ಒಂದು ಸಲ ನಾಬ್‌ನ ಹಿಂದೆ 'ಬುಸ್' ಅಂತ ಬೆಂಕಿ ಕಂಡಿತು. ಕಾಕಾ ಕೂಡಲೇ ಬಂದ್ ಮಾಡಿ ಫೋನ್ ಮಾಡಿದರು. ಈ ಸಲ ಸಿಲಿಂಡರ್, ರೆಗ್ಯುಲೇಟರ್ ಯಾವುದನ್ನೂ ಮುಟ್ಟಲಿಲ್ಲ. ನೇರ ಬರ್ನರ್ ಕೊಳವೆ ಎಳೆದೆ. ಗಾಳಿ ಸೇರುವ ಬಾಯಿಯಲ್ಲಿ ಕಿರುಬೆರಳಿನಷ್ಟು ಉದ್ದದ ಮಣ್ಣಿನ ಗೂಡು. ಮಣ್ಣಿನಲ್ಲಿ ಗೂಡು ಕಟ್ಟುವ ಕಣಜದ್ದು. ಹೊದಿಕೆಯೊಳಗೆ ಮಳೆ ಇಲ್ಲ, ಗಾಳಿ ಇಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಬಾಣಂತಿ ಕೋಣೆ ಎಲ್ಲಿ? ಗೂಡು ದಾರಿ ಮುಚ್ಚಿದ್ದರಿಂದ ಗ್ಯಾಸ್ ಮುಂದೆ ಹೋಗದೆ ಹಿಂದಕ್ಕೆ ಹೊರಳಿ, ನಾಬ್ ಹತ್ತಿರ ಹತ್ತಿಕೊಂಡಿತ್ತು. ಸೈಕಲ್ ಕಡ್ಡಿಯಿಂದ ತೆಗೆದು, ಊದಿ, ಕೂರಿಸಿದೆ. ಹದಿನೈದು ನಿಮಿಷದ ಕೆಲಸ. ಕೊಳವೆಗಳ ಬಾಯಿಗೆ ಕಂಪನಿಯದೇ ಸಣ್ಣ ಜಾಳಿಗೆ ಇರಬೇಕಿತ್ತು, ನಡುವಿನದು ಮಾತ್ರ ಇರಲಿಲ್ಲ. ಜನವರಿಯಲ್ಲಿ ಜೆಟ್ ಬದಲಿಸುವಾಗ ನಾನೇ ತೆಗೆದಿಟ್ಟು ಮರೆತಿದ್ದೆ. ಕಾಕುವಿನ ಹೊಲಿಗೆ ಡಬ್ಬಿಯಲ್ಲಿ ಸಿಕ್ಕಿತು.

ಜೆಟ್ ಬದಲಿಸಿದ ದಿನವೇ ಕಾಕಾ ಆ ಜರ್ಮನ್ ಚೀಟಿಯ ಕೆಳಗೆ ಬಿಳಿ ಪೇಂಟಿನಲ್ಲಿ ಬರೆದಿದ್ದರು: "ಜೆಟ್ 1.00. 30 ಮಿಲಿಬಾರ್ ರೆಗ್ಯುಲೇಟರ್ ಮಾತ್ರ." ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ, ಅಕ್ಷರ ಮುತ್ತಿನಂತಿದ್ದವು. ಅಕ್ಟೋಬರಿನ ಆ ಸಂಜೆ ಅದೇ ಬ್ರಷ್ಷಿನಿಂದ ಕಾಕು ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಹಚ್ಚುವಾಗ ಮುಚ್ಚಳ ತೆರೆದಿರಲಿ. ಹಚ್ಚಿದ ಮೇಲೆ ಯಾರೂ ಮುಟ್ಟಬಾರದು. ಹುಳ ನೋಡಿರಿ."